ತರಗತಿಯೇ ರಂಗಸ್ಥಳ: ಶಾಲಾ ನಾಟಕ ನಡೆದು ಬಂದ ದಾರಿ

ಶಿವಮೊಗ್ಗ: ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ನಾಟಕವಾಡಿಸುವುದು ಹಳೆಯ ರೂಢಿ. ಆದರೆ ವರ್ಷಕ್ಕೊಮ್ಮೆ ಬಣ್ಣ ಹಚ್ಚುವುದು ಬೇರೆ, ಪಾಠವನ್ನೇ ನಾಟಕದ ಮೂಲಕ ಕಲಿಯುವುದು ಬೇರೆ. ಈ ಎರಡನೆಯ ಪದ್ಧತಿಗೆ ಶತಮಾನದ ಇತಿಹಾಸವಿದೆ. ಕರ್ನಾಟಕದ ಮಟ್ಟಿಗೆ ಅದರ ಒಂದು ಮುಖ್ಯ ನೆಲೆ ಶಿವಮೊಗ್ಗ ಜಿಲ್ಲೆಯಲ್ಲಿಯೇ ಇದೆ. ತ್ಯಾವರೆಕೊಪ್ಪವನ್ನು ಹಾದು ಸಾಗರ ತಲುಪಿ, ಅಲ್ಲಿಂದ ಒಳಕ್ಕೆ ಸಾಗಿದರೆ ಸಿಗುವ ಹೆಗ್ಗೋಡು ಆ ನೆಲೆ.

ಮೊದಲ ಪ್ರಯೋಗಗಳು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸಾಂಪ್ಟಿಂಗ್ ಎಂಬ ಹಳ್ಳಿಯ ಶಿಕ್ಷಕಿ ಹ್ಯಾರಿಯೆಟ್ ಫಿನ್ಲೇ-ಜಾನ್ಸನ್ ಇತಿಹಾಸದ ಪಾಠಗಳನ್ನು ಮಕ್ಕಳೇ ನಾಟಕವಾಗಿ ಕಟ್ಟಿ ಆಡುವಂತೆ ಮಾಡಿದರು. 1917ರಲ್ಲಿ ಕಾಲ್ಡ್‌ವೆಲ್ ಕುಕ್ ಇದೇ ವಿಚಾರವನ್ನು ಗ್ರಂಥರೂಪದಲ್ಲಿ ಮಂಡಿಸಿದರು. ಭಾರತದಲ್ಲಿ ರವೀಂದ್ರನಾಥ ಟ್ಯಾಗೋರರು 1901ರಲ್ಲಿ ಆರಂಭಿಸಿದ ಶಾಂತಿನಿಕೇತನದ ಶಾಲೆಯಲ್ಲಿ ಹಾಡು, ನಾಟಕಗಳು ಕಲಿಕೆಯ ಅಂಗವೇ ಆಗಿದ್ದವು. 1965ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವೃತ್ತಿಪರ ನಟರೇ ಶಾಲೆಗಳಿಗೆ ತೆರಳುವ ‘ಶಿಕ್ಷಣದಲ್ಲಿ ರಂಗಭೂಮಿ’ ಚಳವಳಿ ಹುಟ್ಟಿತು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ತಂಡ ಕಟ್ಟಿತು.

ಕನ್ನಡದ ಹಾದಿ

ಇದೇ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರು ‘ಮೋಡಣ್ಣನ ತಮ್ಮ’, ‘ನನ್ನ ಗೋಪಾಲ’ದಂತಹ ಮಕ್ಕಳ ನಾಟಕಗಳನ್ನು ಬರೆದರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟಪಾಟದ ಶಿಕ್ಷಣವನ್ನು ಪ್ರಯೋಗಿಸಿದರು. ಬಿ.ವಿ. ಕಾರಂತರು ಟ್ಯಾಗೋರರ ಗಿಳಿಯ ಕಥೆಯನ್ನು ‘ಪಂಜರಶಾಲೆ’ಯಾಗಿಸಿ, ಬಾಯಿಪಾಠದ ಶಿಕ್ಷಣವನ್ನು ಮಕ್ಕಳ ಬಾಯಿಂದಲೇ ಅಣಕಿಸಿದರು. ಪ್ರೇಮಾ ಕಾರಂತರು ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಬೆಳೆಸಿದರು. 1989ರಲ್ಲಿ ಸ್ಥಾಪನೆಯಾದ ಮೈಸೂರಿನ ರಂಗಾಯಣದ ‘ಚಿನ್ನರ ಮೇಳ’ ಬೇಸಿಗೆ ರಜೆಯ ರಂಗಶಿಬಿರಗಳಿಗೆ ಮಾದರಿಯಾಯಿತು.

ಹೆಗ್ಗೋಡಿನ ಕೊಡುಗೆ

1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ‘ತಿರುಗಾಟ’ವನ್ನೂ ಆರಂಭಿಸಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಇಲ್ಲಿ ತರಬೇತಿ ಪಡೆದವರಲ್ಲಿ ಅನೇಕರು ನಾಡಿನ ಉದ್ದಗಲಕ್ಕೂ ಮಕ್ಕಳ ಶಿಬಿರ ನಡೆಸಿದ್ದಾರೆ, ಶಾಲೆಗಳಲ್ಲಿ ನಾಟಕ ಕಲಿಸಿದ್ದಾರೆ.

ಪಾಠವಾಗುವ ಬಗೆ

ತರಗತಿಯ ನಾಟಕಕ್ಕೆ ಪರದೆ, ಪೋಷಾಕು ಬೇಕಿಲ್ಲ. ಕೆಳದಿಯ ಇತಿಹಾಸವನ್ನೇ ತೆಗೆದುಕೊಳ್ಳಬಹುದು. ಔರಂಗಜೇಬನ ಸೇನೆ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟಳು ಎಂಬುದು ಪಠ್ಯದಲ್ಲಿ ಒಂದು ವಾಕ್ಯ. ಅದೇ ತರಗತಿಯನ್ನು ರಾಣಿಯ ಸಭೆಯಾಗಿಸಿದರೆ ಒಬ್ಬ ಮಂತ್ರಿ ಯುದ್ಧದ ಭಯ ಹೇಳುತ್ತಾನೆ, ಇನ್ನೊಬ್ಬ ಶರಣಾಗತ ಧರ್ಮವನ್ನು ಎತ್ತಿ ಹಿಡಿಯುತ್ತಾನೆ, ರೈತನೊಬ್ಬ ತನ್ನ ಗದ್ದೆಯ ಗತಿಯೇನೆಂದು ಕೇಳುತ್ತಾನೆ. ವಾದಿಸಬೇಕಾದರೆ ಮಕ್ಕಳು ಪಾಠವನ್ನು ಓದಲೇಬೇಕು. ಕೊನೆಯ ಬೆಂಚಿನ ಮಗುವಿಗೂ ಮಾತನಾಡಲು ಕಾರಣ ಸಿಗುತ್ತದೆ. ಇಲ್ಲಿ ಶಿಕ್ಷಕರು ನಿರ್ದೇಶಕರಲ್ಲ. ಅವರೂ ಒಂದು ಪಾತ್ರ. ಬ್ರಿಟನ್ನಿನ ಡೊರೊಥಿ ಹೀತ್‌ಕೋಟ್ ಪ್ರಸಿದ್ಧಿಗೆ ತಂದ ವಿಧಾನವಿದು.

ಉಳಿದಿರುವ ಪ್ರಶ್ನೆ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಗಳ ಜೊತೆಗೆ ನಾಟಕವನ್ನೂ ಹತ್ತನೆಯ ತರಗತಿಯವರೆಗೆ ಕಲಿಸಬೇಕೆಂದು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಬೆಸೆದ ಕಲಿಕೆಗೆ ಒತ್ತು ನೀಡಿದೆ. ಆದರೆ ನಾಟಕ ಶಿಕ್ಷಕರಿರುವ ಸರ್ಕಾರಿ ಪ್ರೌಢಶಾಲೆಗಳು ಕೆಲವೇ. ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸಿದಂತೆ ಮೊದಲು ಕೈಬಿಡುವುದು ಕಲೆಯ ಪೀರಿಯಡ್ಡನ್ನೇ. ನಗರದಲ್ಲಿ ಶುಲ್ಕ ತೆತ್ತು ಬೇಸಿಗೆ ಶಿಬಿರಕ್ಕೆ ಹೋಗುವ ಮಗುವಿಗೆ ದಕ್ಕುವ ರಂಗಭೂಮಿ, ಹಳ್ಳಿಯ ಸರ್ಕಾರಿ ಶಾಲೆಯ ಮಗುವಿಗೂ ದಕ್ಕಬೇಕಾದರೆ ಅದು ವೇಳಾಪಟ್ಟಿಯಲ್ಲಿ ಉಳಿಯಬೇಕು. ಹಳ್ಳಿಯಲ್ಲಿಯೇ ರಂಗಶಾಲೆ ಕಟ್ಟಿ ತೋರಿಸಿದ ಜಿಲ್ಲೆಯಿಂದ ಆ ಬೇಡಿಕೆ ಎದ್ದರೆ ಅದಕ್ಕೆ ಹೆಚ್ಚಿನ ಬಲವಿರುತ್ತದೆ.