ಬೈಂದೂರು ಬೆಂದೂರಾದ ಕತೆ

ಆಫೀಸಿನಲ್ಲಿ ನನ್ನದು ಡೇಟಾಬೇಸಿನ ಕೆಲಸ. ಪುಟ ಚಂದ ಕಾಣಿಸುವುದು ಬೇರೆಯವರ ಪಾಲು. ಕಳೆದ ವರ್ಷ ಊರಿನ ಆಟಕ್ಕೊಂದು ವೆಬ್ ಪುಟ ಮಾಡಿಕೊಡು ಅಂದಾಗ, ಹೊಸ ಸಿಎಸ್‌ಎಸ್ ಕಲಿಯೋಣ ಅಂತ ಕೂತೆ. ತಲೆಬರಹಕ್ಕೆ ಕೆಂಪಿನಿಂದ ಹಳದಿಗೆ ಕರಗುವ ಬಣ್ಣ ತುಂಬಿದೆ: 'ಕುಂದಾಪುರ, ಬೈಂದೂರು, ಬ್ರಹ್ಮಾವರ.' ಅಪ್ಪಯ್ಯನಿಗೆ ಮೊಬೈಲಿನಲ್ಲಿ ತೋರಿಸಿದೆ. "ಎಂತ ಮಗಾ ಇದ್, ಬೈಂದೂರ್ ಹೋಯಿ ಬೆಂದೂರ್ ಆಯ್ತಲೆ?" ಅಂದರು.

ನೋಡಿದರೆ ಹೌದು! ಬೈ ಅಕ್ಷರದ ಕೆಳಗಿನ ಬಾಲ ಮಾಯ. ಬ್ರಹ್ಮಾವರದ ಎರಡೂ ಒತ್ತು ಹೋಗಿ ಬಹಾವರ ಆಗಿತ್ತು. ಒತ್ತಿಲ್ಲದ ಕುಂದಾಪುರ ಮಾತ್ರ ಬಚಾವ್.

ಇದು ಯಾಕೆ ಹೀಗೆ ಅಂತ ಹುಡುಕುತ್ತಾ ಹೋದರೆ ಹಳೇ ಕತೆಯೇ ಸಿಕ್ಕಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಮೋಗ್ಲಿಂಗ್ ಹೊರತಂದದ್ದು ಕಲ್ಲಚ್ಚಿನಲ್ಲಿ. ಕೈಬರಹವೇ ಅಚ್ಚಾಗುವುದರಿಂದ ಒತ್ತು ಎಷ್ಟು ಕೆಳಗಿಳಿದರೂ ಜಾಗ ಸಿಗುತ್ತದೆ. ಮೊಳೆಯಚ್ಚಿನ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟು ಜಾಗ ಬಿಡುತ್ತಿದ್ದರು. ಇವತ್ತಿನ 'ಲೈನ್-ಹೈಟ್' ಆ ಪಟ್ಟಿಯ ಮೊಮ್ಮಗ.

ಸಿಎಸ್‌ಎಸ್‌ನ ಪ್ರಸ್ತಾಪವನ್ನು ಹೋಕನ್ ವಿಯುಮ್ ಲೀ ಮುಂದಿಟ್ಟದ್ದು 1994ರಲ್ಲಿ; ಮೊದಲ ಆವೃತ್ತಿ ಅಧಿಕೃತವಾದದ್ದು 1996ರ ಡಿಸೆಂಬರಿನಲ್ಲಿ. ಅಕ್ಷರಕ್ಕೆ ನೆರಳು ಕೊಡುವ 'ಟೆಕ್ಸ್ಟ್-ಶ್ಯಾಡೋ', ಪುಟದ ಜೊತೆಗೇ ಫಾಂಟ್ ಕಳಿಸುವ 'ಫಾಂಟ್-ಫೇಸ್' ಎರಡೂ 1998ರ ಎರಡನೇ ಆವೃತ್ತಿಯಲ್ಲೇ ಇದ್ದವು. ಆಮೇಲೆ 2.1ರಲ್ಲಿ ಎರಡನ್ನೂ ಕೈಬಿಟ್ಟರು, ಮೂರನೆಯದರಲ್ಲಿ ಮತ್ತೆ ಕರೆತಂದರು. ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ನೆರಳು ಬಂದದ್ದು 2012ರಲ್ಲಿ, ಹತ್ತನೇ ಆವೃತ್ತಿಗೆ. ಅಲ್ಲಿಯವರೆಗೆ ನೆರಳು ಬೇಕಾದವರು ಅಕ್ಷರವನ್ನೇ ಚಿತ್ರ ಮಾಡಿ ಅಂಟಿಸುತ್ತಿದ್ದರು.

ಕನ್ನಡದ ಮಟ್ಟಿಗೆ ಅದು ಅಲಂಕಾರದ ಪ್ರಶ್ನೆ ಆಗಿರಲಿಲ್ಲ. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ಓದುಗರ ಕಂಪ್ಯೂಟರಿನಲ್ಲಿ ಫಾಂಟ್ ಇರಬೇಕಲ್ಲ! ಹಾಗಾಗಿ ಎಷ್ಟೋ ಪುಟಗಳಲ್ಲಿ ಕನ್ನಡವೂ ಚಿತ್ರವೇ. ಚಿತ್ರದೊಳಗಿನ ಊರಿನ ಹೆಸರು ಹುಡುಕಿದರೆ ಸಿಗದು. ಕಣ್ಣು ಕಾಣದವರಿಗೆ ಕಂಪ್ಯೂಟರ್ ಅದನ್ನು ಓದಿ ಹೇಳದು. ಈಗ ಅಕ್ಷರ ಅಕ್ಷರವಾಗಿಯೇ ಉಳಿದು ಬಣ್ಣ, ನೆರಳು ಎಲ್ಲ ತೊಡುತ್ತದೆ. ದೊಡ್ಡ ಲಾಭ ಇದೇ.

ಹಾಗಾದರೆ ನನ್ನ ಬೈಂದೂರು ಬೆಂದದ್ದು ಹೇಗೆ? ಬಣ್ಣ ಕರಗಿಸುವ ಗ್ರೇಡಿಯಂಟ್ 2008ರಲ್ಲಿ ವೆಬ್‌ಕಿಟ್‌ಗೆ ಬಂತು. ಅದನ್ನು ಅಕ್ಷರದೊಳಗೆ ತುಂಬಲು 'ಬ್ಯಾಕ್‌ಗ್ರೌಂಡ್-ಕ್ಲಿಪ್' ಬೇಕು, ಅಕ್ಷರದ ಸ್ವಂತ ಬಣ್ಣ ಪಾರದರ್ಶಕ ಆಗಬೇಕು. ಆಗ ಕಾಣುವುದು ಹಿಂದಿನ ಬಣ್ಣ ಮಾತ್ರ, ಅದೂ ಪೆಟ್ಟಿಗೆಯ ಒಳಗೆ ಮಾತ್ರ. ನಾನು ಇಂಗ್ಲಿಷ್ ಪಾಠದಿಂದ ಲೈನ್-ಹೈಟ್ 1 ಅಂತ ನಕಲು ಹೊಡೆದಿದ್ದೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕು. ನಮ್ಮ ಒತ್ತು ಪೆಟ್ಟಿಗೆಯಿಂದ ಕೆಳಗೆ ಕಾಲು ಚಾಚುತ್ತದೆ. ಚಾಚಿದ ಕಾಲಿಗೆ ಬಣ್ಣ ಸಿಗಲಿಲ್ಲ, ಅಷ್ಟೆ.

ಲೈನ್-ಹೈಟ್ 1.6 ಮಾಡಿ, ಕೆಳಗೆ ಚೂರು ಪ್ಯಾಡಿಂಗ್ ಕೊಟ್ಟೆ. ಒತ್ತುಗಳು ವಾಪಸ್ ಬಂದವು. ನೀವೂ ಕನ್ನಡ ಪುಟ ಮಾಡುವವರಾದರೆ ಮೊದಲು 'ಬ್ರಹ್ಮಾವರ' ಬರೆದು ನೋಡಿ, ಆಮೇಲೆ ಬಣ್ಣ ಹಚ್ಚಿ.

ಅಪ್ಪಯ್ಯ ಮತ್ತೊಮ್ಮೆ ಕನ್ನಡಕ ಏರಿಸಿ, ಮೂರೂ ಹೆಸರನ್ನು ಗಟ್ಟಿಯಾಗಿ ಓದಿ, "ಈಗ್ ಸಮ ಆಯ್ತ್" ಅಂದರು.