ಕಾಂಪೌಂಡರ್ ಓದಿದ ಶಾಲೆ

ದನದ ಆಸ್ಪತ್ರೆಯ ಮುಂದೆ ಹಸು ಹಿಡಿದು ನಿಂತವರು ನಮ್ಮ ವಿರೂಪಾಕ್ಷಿಪುರ ಹೋಬಳಿಯಲ್ಲಿ ಮೊದಲು ಕೇಳುವ ಮಾತು, "ಕಾಂಪೌಂಡ್ರು ಅವ್ರಾ?" ಡಾಕ್ಟ್ರನ್ನು ಕೇಳುವುದು ಆಮೇಲೆ. ಸರ್ಕಾರದ ಕಡತದಲ್ಲಿ ಇವರು ಪಶುವೈದ್ಯಕೀಯ ಪರೀಕ್ಷಕರು, ಜಾನುವಾರು ಅಧಿಕಾರಿಗಳು. ಊರಿಗೆ ಮಾತ್ರ ಯಾವತ್ತೂ ಕಾಂಪೌಂಡ್ರೇ. ಬೆದೆಗೆ ಬಂದ ಹಸುವಿಗೆ ಇಂಜೆಕ್ಷನ್ ಹಾಕುವವರು, ಕರು ಹಾಕಿದ ಮೇಲೆ ಕಸ ಬೀಳದಿದ್ದರೆ ಓಡಿಬರುವವರು, ವರ್ಷಕ್ಕೆರಡು ಸಲ ಕಾಲುಬಾಯಿ ಜ್ವರದ ಲಸಿಕೆ ಹಿಡಿದು ಮನೆಮನೆ ತಿರುಗುವವರು ಇವರು. ಗುಡಿ, ಶಾಲೆ, ಡೇರಿಗಳ ಚರಿತ್ರೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಈ ಕಾಂಪೌಂಡ್ರು ತಮ್ಮ ಕೆಲಸವನ್ನು ಎಲ್ಲಿ ಕಲಿತರು, ಯಾರು ಕಲಿಸಿದರು ಎಂಬುದನ್ನು ಯಾರೂ ಬರೆದಿಟ್ಟ ಹಾಗಿಲ್ಲ.

ನಮ್ಮದು ಹಳ್ಳಿಕಾರ್ ದನದ ಸೀಮೆ. ಚನ್ನಪಟ್ಟಣ, ಮಾಗಡಿ, ಕನಕಪುರ, ರಾಮನಗರ ನಾಲ್ಕೂ ಕಡೆ ಎತ್ತಿನ ಜೋಡಿ ಎಂದರೆ ಮನೆಯ ಮರ್ಯಾದೆ. ಸಂಕ್ರಾಂತಿ ಹೊತ್ತಿಗೆ ಕೆಂಗಲ್ ಆಂಜನೇಯನ ಸನ್ನಿಧಿಯಲ್ಲಿ, ಅಯ್ಯನಗುಡಿ ಬಯಲಲ್ಲಿ ಸೇರುವ ದನಗಳ ಜಾತ್ರೆಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಂದೆ ದನಕ್ಕೆ ಕಾಯಿಲೆ ಬಂದರೆ ನಾಟಿ ಔಷಧ, ಬರೆ, ಹರಕೆ, ಅಷ್ಟೇ. ಗೊಟ್ಟದಲ್ಲಿ ಕಷಾಯ ಕುಡಿಸುವುದು, ಹೊಟ್ಟೆ ಉಬ್ಬರಕ್ಕೆ ಎಣ್ಣೆ ಹಾಕುವುದು ಎಷ್ಟೋ ಸಲ ಕೆಲಸಕ್ಕೂ ಬಂದಿದೆ. ಆದರೆ ದೊಡ್ಡರೋಗದ, ಅಂದರೆ ರಿಂಡರ್‌ಪೆಸ್ಟಿನ ಮುಂದೆ ಯಾವುದೂ ನಡೆಯುತ್ತಿರಲಿಲ್ಲ. ಅದು ಹೊಕ್ಕ ಕೊಟ್ಟಿಗೆ ವಾರದೊಳಗೆ ಬರಿದಾಗುತ್ತಿತ್ತು.

ನಮ್ಮ ಕಾಂಪೌಂಡರುಗಳ ವಂಶಾವಳಿ ಹಿಡಿದು ಹೊರಟರೆ ಆ ದೊಡ್ಡರೋಗದ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ, ಕೆನಡಾದ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1920ರ ದಶಕದಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಆ ರೋಗಕ್ಕೆ ಔಷಧಿ ತಯಾರಿಸುವ ಸೀರಂ ಇನ್‌ಸ್ಟಿಟ್ಯೂಟ್ ಶುರುವಾಯಿತು. ಔಷಧಿ ತಯಾರಾದರೆ ಸಾಲದು, ಹಳ್ಳಿಗೆ ಒಯ್ದು, ಕೊಂಬು ಆಡಿಸುವ ಎತ್ತನ್ನು ಹಿಡಿಸಿ, ಸೂಜಿ ಹಾಕುವ ಕೈ ಬೇಕು. 1954ರಲ್ಲಿ ದೇಶದಾದ್ಯಂತ ದೊಡ್ಡರೋಗ ನಿರ್ಮೂಲನೆಯ ಕಾರ್ಯಕ್ರಮ ಬಂದಾಗ ಅಂಥ ಕೈಗಳು ಊರೂರಿಗೆ ಬೇಕಾದವು. ಆ ಕಾಲದ ಹುಡುಗರಿಗೆ ಕಾಲೇಜು ಎಲ್ಲಿ? ಇಲಾಖೆ ಕೊಟ್ಟ ತರಬೇತಿ, ಹಿರಿಯರ ಜೊತೆ ತಿರುಗಾಟ, ಅದೇ ಓದು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಸಿಡುಬನ್ನು ಬಿಟ್ಟರೆ ಮನುಷ್ಯ ಭೂಮಿಯಿಂದಲೇ ಅಳಿಸಿದ ರೋಗ ಇದೊಂದೇ. ಸೈಕಲ್ಲಿನ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು ಹೋದವರ ಹೆಸರು ಆ ಘೋಷಣೆಯಲ್ಲಿ ಇರಲಿಲ್ಲ ಬಿಡಿ.

ಎರಡನೆಯ ಬೇರು ಇನ್ನೂ ಹತ್ತಿರದ್ದು, ನಮ್ಮ ತಳಿಗೇ ಸಂಬಂಧಿಸಿದ್ದು. ಭಾರತದಲ್ಲಿ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ. ಮಾಡಿದವರು ಸಂಪತ್ ಕುಮಾರನ್. ಹಸುಗಳು ಹಳ್ಳಿಕಾರ್, ಬೀಜ ಹಾಲೆಂಡ್ ಮೂಲದ ಹೋಲ್‌ಸ್ಟೀನ್ ಫ್ರೀಜಿಯನ್ ಹೋರಿಯದು. ಮೂವತ್ತಮೂರು ಹಸುಗಳು ಗಬ್ಬ ಕಟ್ಟಿದವು. ಇವತ್ತು ನಮ್ಮ ಕೊಟ್ಟಿಗೆಗಳಲ್ಲಿ ಕಪ್ಪುಬಿಳುಪಿನ ಸೀಮೆಹಸುಗಳು ನಿಂತಿರುವುದಕ್ಕೆ ಅಲ್ಲೇ ಮೊದಲ ಗಂಟು ಬಿದ್ದದ್ದು ಎನ್ನಬಹುದು. 1940ರ ದಶಕದಲ್ಲಿ ಇಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಕೃತಕ ಗರ್ಭಧಾರಣೆಯ ಪ್ರಯೋಗದ ಬೆನ್ನಿಗೆ ತೆರೆದ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ತಯಾರಿಕೆ ಮತ್ತು ತರಬೇತಿಯ ಕೇಂದ್ರ ಬಂತು. ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಇಟ್ಟ ವೀರ್ಯದ ಕಡ್ಡಿ ವರ್ಷಗಟ್ಟಲೆ ಕೆಡುವುದಿಲ್ಲ. ಊರ ಹೋರಿಯ ದಾರಿ ಕಾಯುವ ಕಾಲ ಅಲ್ಲಿಗೆ ಮುಗಿಯಿತು. ಕಡ್ಡಿ ಹಾಕುವವರ ದಾರಿ ಕಾಯುವ ಕಾಲ ಬಂತು.

1970ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಡೇರಿ ಯೋಜನೆ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ. ಹಳ್ಳಿಗೊಂದು ಸಂಘ ಬಂದ ಮೇಲೆ ಕೆಲಸ ಎಷ್ಟು ಪಟ್ಟು ಹೆಚ್ಚಿತೋ! ಹಳ್ಳಿಕಾರ್ ಹಸು ನಮ್ಮ ಬಿಸಿಲು, ನಮ್ಮ ಉಣ್ಣೆ, ನಮ್ಮ ಮೇವು ಎಲ್ಲಕ್ಕೂ ಒಗ್ಗಿಕೊಂಡದ್ದು. ಸೀಮೆಹಸು ಹಾಗಲ್ಲ. ಕೆಚ್ಚಲು ಬಾವು, ಥೈಲೇರಿಯಾ, ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಇಳಿದು ಮಲಗಿಬಿಡುವುದು, ಒಂದೇ ಎರಡೇ? ಹಾಲು ಹೆಚ್ಚಿದ ಹಾಗೆ ಆಸ್ಪತ್ರೆಯ ಬಾಗಿಲಿನ ಸಾಲೂ ಉದ್ದವಾಯಿತು.

ಕಾನೂನು ಕಾಂಪೌಂಡ್ರನ್ನು ಕಂಡ ಬಗೆ ಸ್ವಲ್ಪ ಬಿಗುಮಾನದ್ದು. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಕಲಂ ಪ್ರಕಾರ ಚಿಕಿತ್ಸೆ ನೋಂದಾಯಿತ ಪಶುವೈದ್ಯರ ಹಕ್ಕು. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಇರುವ ಸಿಬ್ಬಂದಿ, ರಾಜ್ಯ ಸರ್ಕಾರದ ಅನುಮತಿ ಪಡೆದು, ವೈದ್ಯರ ಮೇಲ್ವಿಚಾರಣೆಯಲ್ಲಿ 'ಕಿರು ಸೇವೆ'ಗಳನ್ನು ಮಾಡಬಹುದು: ಲಸಿಕೆ, ಬೀಜ ಒಡೆಯುವುದು, ಗಾಯ ಕಟ್ಟುವುದು, ಪ್ರಥಮ ಚಿಕಿತ್ಸೆ. ಈ ಗೆರೆ ಬೇಕಾದದ್ದೇ. ಅಳತೆ ತಪ್ಪಿದ ಆ್ಯಂಟಿಬಯಾಟಿಕ್ ಹಾಲಿನ ಜೊತೆ ನಮ್ಮ ಮಕ್ಕಳ ಲೋಟಕ್ಕೇ ಬರುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಕರು ಅಡ್ಡ ಸಿಕ್ಕಿಕೊಂಡಾಗ, ವೈದ್ಯರು ಇನ್ನೊಂದು ಹೋಬಳಿಯ ಪ್ರಭಾರದಲ್ಲಿರುವಾಗ, ಕಿರಿದು ಯಾವುದು ಹಿರಿದು ಯಾವುದು ಎಂದು ಕೊಟ್ಟಿಗೆಯಲ್ಲಿ ನಿಂತವನಿಗೆ ಹೇಳುವುದು ಕಷ್ಟ.

ಪಶುವೈದ್ಯರಿಗೆ ಹೆಬ್ಬಾಳದ ಕಾಲೇಜು 1958ರಲ್ಲೇ ಬಂದಿತ್ತು. ಅವರ ಪಕ್ಕದಲ್ಲಿ ನಿಲ್ಲುವವರಿಗೂ ವಿಶ್ವವಿದ್ಯಾಲಯದ ಓದು ಸಿಗಬೇಕಾದರೆ ಮತ್ತೆ ಅರ್ಧ ಶತಮಾನ ಬೇಕಾಯಿತು. 2004ರ ಕಾಯ್ದೆಯಿಂದ ಬೀದರಿನಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿತು. ಅದರ ಅಡಿಯಲ್ಲಿ ಪಶುಸಂಗೋಪನಾ ಪಾಲಿಟೆಕ್ನಿಕ್‌ಗಳು ಬಂದವು: ತಿಪಟೂರು ತಾಲ್ಲೂಕಿನ ಕೋನೇಹಳ್ಳಿ, ಹಾವೇರಿ ಜಿಲ್ಲೆಯ ಶಿಗ್ಗಾಂವಿ, ಯಾದಗಿರಿ ಜಿಲ್ಲೆಯ ದೋರನಹಳ್ಳಿ ಮುಂತಾದ ಕಡೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಎರಡು ವರ್ಷದ ಡಿಪ್ಲೊಮಾ. ನಮ್ಮ ಕಡೆಯವರು ಕುಣಿಗಲ್, ತುರುವೇಕೆರೆ ಹಾದು ಕೋನೇಹಳ್ಳಿಗೆ ಹೋಗಬಹುದು. ಅಲ್ಲಿ ಅಮೃತಮಹಲ್ ತಳಿಯ ಸಂಶೋಧನಾ ಕೇಂದ್ರವೂ ಇದೆ. ಅಮೃತಮಹಲಿನ ಮೂಲದಲ್ಲಿ ಹಳ್ಳಿಕಾರ್ ರಕ್ತ ಇದೆಯೆಂದು ಬಲ್ಲವರು ಹೇಳುವುದರಿಂದ, ನಮ್ಮ ಹುಡುಗರಿಗೆ ಅಲ್ಲಿ ನೆಂಟರ ಮನೆಗೆ ಹೋದ ಹಾಗೇ ಆಗಬೇಕು.

ದನ ಸಾಕಿದ ಮನೆಯ ಮಕ್ಕಳು 'ಇದರಲ್ಲಿ ಓದುವುದೇನಿದೆ' ಎಂದುಕೊಂಡೇ ಈ ಓದಿಗೆ ಹೋಗುತ್ತಾರೆ. ದನವನ್ನು ನೋಯಿಸದೆ, ತಾನೂ ಒದೆಸಿಕೊಳ್ಳದೆ ಹಿಡಿಯುವುದು, ಕೆಡವುವುದು, ಚೌಕಟ್ಟಿನೊಳಗೆ ನಿಲ್ಲಿಸುವುದು ಮೊದಲ ಪಾಠ. ಆಮೇಲೆ ಥರ್ಮಾಮೀಟರ್: ಹಸುವಿನ ಮೈಬಿಸಿ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್, ಮನುಷ್ಯನ ಲೆಕ್ಕ ಹಿಡಿದರೆ ಆರೋಗ್ಯವಂತ ಹಸುವಿಗೂ ಜ್ವರ! ಎಡ ಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಹಿಡಿದರೆ ಮೆಲುಕಿನ ಚೀಲ ನಿಮಿಷಕ್ಕೆ ಒಂದೆರಡು ಸಲ ಉರುಳುವುದು ಕೈಗೆ ತಿಳಿಯುತ್ತದೆ. ತಿಳಿಯದಿದ್ದರೆ ಅನುಮಾನ ಪಡಬೇಕು. ಹೋರಿಗರುವಿನ ಬೀಜ ಒಡೆಯಲು ಬರ್ಡಿಜೋ ಇಕ್ಕಳ ಹಾಕುವಾಗ ಚರ್ಮ ಹರಿಯಬಾರದು, ಒಳಗಿನ ನರ ಮಾತ್ರ ಜಜ್ಜಬೇಕು. ಹಳ್ಳಿಕಾರ್ ಹೋರಿಗಳ ಊರಲ್ಲಿ ಈ ಕೆಲಸ ಕೆಟ್ಟರೆ ಕೆಟ್ಟ ಹೆಸರು ಜಾತ್ರೆಯವರೆಗೂ ಹೋಗುತ್ತದೆ.

ಕಠಿಣವಾದದ್ದು ಕಡ್ಡಿ ಹಾಕುವ ವಿದ್ಯೆ. ಕಸಾಯಿಖಾನೆಯಿಂದ ತಂದ ಗರ್ಭಕೋಶವನ್ನು ಮೇಜಿನ ಮೇಲಿಟ್ಟು ತೋರಿಸುವಾಗ ಎಲ್ಲ ಸಲೀಸು. ಜೀವಂತ ಹಸುವಿನೊಳಗೆ ಎಡಗೈ ಭುಜದವರೆಗೆ ಹೋದ ಮೇಲೆ ಕಣ್ಣಿಗೆ ಕೆಲಸವಿಲ್ಲ. ಬೆರಳ ತುದಿಯಿಂದ ಗರ್ಭಕಂಠ ಹುಡುಕಿ ಹಿಡಿಯಬೇಕು, ಬಲಗೈಯಿಂದ ಗನ್ ತೂರಿಸಿ ಸರಿಯಾದ ಜಾಗಕ್ಕೆ ಬಿಡಬೇಕು. ಅದಕ್ಕೂ ಮೊದಲು ಕಡ್ಡಿಯನ್ನು 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಅರ್ಧ ನಿಮಿಷ ಕರಗಿಸಬೇಕು. ಕಿಸೆಯಲ್ಲೋ ಅಂಗೈಯಲ್ಲೋ ಕರಗಿಸಿದರೆ ರೈತನ ಇಪ್ಪತ್ತೊಂದು ದಿನ ಹೋದಂತೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮಾರನೆ ಬೆಳಿಗ್ಗೆಗೆ. ಈ ಲೆಕ್ಕವನ್ನು ಪಾಲಿಟೆಕ್ನಿಕ್ಕಿನಲ್ಲಿ ಕಲಿತವರು ಊರಿಗೆ ಬಂದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕು. ಬೆದೆಯ ಕೂಗು ಮೊದಲು ಕೇಳುವುದು ಹಾಲು ಕರೆಯುವವರ ಕಿವಿಗೆ ತಾನೇ?

ಹೊರದೇಶಗಳಲ್ಲೂ ಈ ಓದು ಬಹಳ ಹಳೆಯದಲ್ಲ. ಪಶುವೈದ್ಯರ ಮೊದಲ ಶಾಲೆ ಫ್ರಾನ್ಸಿನ ಲಿಯೋನ್‌ನಲ್ಲಿ 1761ರಲ್ಲೇ ಸ್ಥಾಪನೆಯಾಯಿತು, ಅದಕ್ಕೂ ಇದೇ ದೊಡ್ಡರೋಗದ ಕಾಟವೇ ಕಾರಣ. ಸಹಾಯಕರ ಸರದಿ ಬರಲು ಸರಿಯಾಗಿ ಇನ್ನೂರು ವರ್ಷ ಕಾಯಬೇಕಾಯಿತು. 1961ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಡೆಲ್ಲಿ ಎಂಬ ಊರಿನ ಕಾಲೇಜಿನಲ್ಲಿ ಸಹಾಯಕರಿಗೆ ಕೋರ್ಸು ಶುರುವಾಯಿತು. ಅದೇ ವರ್ಷ ಬ್ರಿಟನ್ನಿನಲ್ಲಿ ಪ್ರಾಣಿಗಳ ನರ್ಸುಗಳ ತರಬೇತಿಗೆ ಮಾನ್ಯತೆ ಸಿಕ್ಕಿತು. ಅವರ ಕೆಲಸ ಹೆಚ್ಚಾಗಿ ನಾಯಿ ಬೆಕ್ಕುಗಳ ಆಸ್ಪತ್ರೆಯ ಒಳಗೆ. ನಮ್ಮವರದು ಬಯಲಲ್ಲಿ, ಬೈಕಿನ ಮೇಲೆ.

ಈಗ ದಾರಿಗಳು ಹಲವು. 'ಮೈತ್ರಿ' ಯೋಜನೆಯಲ್ಲಿ ಮೂರು ತಿಂಗಳ ತರಬೇತಿ ಪಡೆದು ಕೃತಕ ಗರ್ಭಧಾರಣೆಗೆ ಇಳಿದವರಿದ್ದಾರೆ. ಕೈ ಕುದುರಿದವರು ಅವರಲ್ಲೂ ಉಂಟು. ಆದರೆ ಮೂರು ತಿಂಗಳಿಗೂ ಎರಡು ವರ್ಷಕ್ಕೂ ಇರುವ ಅಂತರ ಹಸು ಗಬ್ಬ ನಿಲ್ಲದೆ ಹೋದಾಗ ತಿಳಿಯುತ್ತದೆ. ಏಕೆ ನಿಲ್ಲಲಿಲ್ಲ ಎಂದು ಕೇಳಿಕೊಳ್ಳಲು ಮೇವು, ಖನಿಜ, ಸೋಂಕು ಎಲ್ಲ ಗೊತ್ತಿರಬೇಕು. 1962ಕ್ಕೆ ಫೋನ್ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನದಲ್ಲಿ ಒಬ್ಬ ವೈದ್ಯರು, ಒಬ್ಬ ಸಹಾಯಕರು, ಒಬ್ಬ ಚಾಲಕ. ಆ ಎರಡನೆಯ ಸೀಟು ಡಿಪ್ಲೊಮಾ ಓದಿದವರಿಗೆ ಹೇಳಿ ಮಾಡಿಸಿದ್ದು.

ಅಪಾಯದ ಮಾತನ್ನೂ ಮನೆಯವರಿಗೆ ಮುಚ್ಚಿಡಬಾರದು. ಕಂದು ರೋಗಕ್ಕೆ, ಅಂದರೆ ಬ್ರುಸೆಲ್ಲಾಕ್ಕೆ, ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಹಾಕುವ ಲಸಿಕೆಯಲ್ಲಿರುವುದು ಜೀವಂತ ರೋಗಾಣು. ಸೂಜಿ ತನಗೇ ಚುಚ್ಚಿದರೆ ಹಾಕಿದವರು ತಿಂಗಳುಗಟ್ಟಲೆ ಜ್ವರ, ಕೀಲುನೋವಿನಲ್ಲಿ ಮಲಗಬಹುದು. ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸಿನಿಂದ, ಸತ್ತ ದನವನ್ನು ಕೊಯ್ಯಲೇಬಾರದು, ಆಳಕ್ಕೆ ಸುಣ್ಣ ಹಾಕಿ ಹೂಳಬೇಕು. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಹಬ್ಬಿದಾಗ, 2022ರಲ್ಲಿ ಚರ್ಮಗಂಟು ರೋಗ ಬಂದಾಗ, ಒಂದು ಕೊಟ್ಟಿಗೆಯ ಕೆಸರನ್ನು ಬೂಟಿನಲ್ಲಿ ಇನ್ನೊಂದಕ್ಕೆ ಒಯ್ಯದಂತೆ ನೋಡಿಕೊಳ್ಳುವುದೂ ಕೆಲಸದ ಭಾಗವೇ ಆಗಿತ್ತು.

ರೇಷ್ಮೆ ಮನೆಯಲ್ಲಿ ಹುಳು ತಿಂದು ಬಿಟ್ಟ ಸೊಪ್ಪನ್ನು ಹಸುವಿಗೆ ಹಾಕುವ ರೂಢಿ ನಮ್ಮಲ್ಲಿ ಮನೆಮನೆಗೂ ಇದೆ. ತೋಟಕ್ಕೆ ಹೊಡೆದ ಔಷಧಿಯೋ, ಹುಳುವಿನ ಹಾಸಿಗೆಗೆ ಎರಚಿದ ಪುಡಿಯೋ ಅದರಲ್ಲಿ ಎಷ್ಟು ಉಳಿದಿರುತ್ತದೆ ಎಂದು ಕೇಳುವವರು ಯಾರು? ಹಾಗೆ ಕೇಳಬಲ್ಲವರು ನಮ್ಮ ಮನೆಗಳಿಂದಲೇ ಓದಿ ಬರಬೇಕು. ಎಸ್ಸೆಸ್ಸೆಲ್ಸಿ ಫಲಿತಾಂಶದ ಬೆನ್ನಿಗೆ ಬೀದರಿನ ವಿಶ್ವವಿದ್ಯಾಲಯದವರು ಡಿಪ್ಲೊಮಾಕ್ಕೆ ಅರ್ಜಿ ಕರೆಯುತ್ತಾರೆ. ಆ ಪ್ರಕಟಣೆಯನ್ನು ಡೇರಿಯ ಗೋಡೆಯ ಮೇಲೆ, ಹಾಲಿನ ದರದ ಪಟ್ಟಿಯ ಪಕ್ಕದಲ್ಲೇ ಅಂಟಿಸಿದರೆ ಬೆಳಿಗ್ಗೆ ಕ್ಯಾನು ಹಿಡಿದು ಬರುವ ಹುಡುಗ ಹುಡುಗಿಯರೆಲ್ಲರ ಕಣ್ಣಿಗೂ ಬೀಳುತ್ತದೆ.