ಗಂಗವಾಡಿಯನ್ನು ಗೆದ್ದವರು, ಉಳಿಸಿಕೊಂಡವರು
ಕ್ರಿ.ಶ. 1004ರ ಸುಮಾರಿಗೆ ಚೋಳ ರಾಜರಾಜನ ಸೈನ್ಯವು ಕಾವೇರಿ ದಂಡೆಯ ತಲಕಾಡನ್ನು ಹಿಡಿದು ಪಶ್ಚಿಮ ಗಂಗರ ಆಳ್ವಿಕೆಯನ್ನು ಕೊನೆಗೊಳಿಸಿದಾಗ, ಶತಮಾನಗಳ ಕಾಲ ಒಂದೇ ಮನೆತನಕ್ಕೆ ನಡೆದುಕೊಂಡಿದ್ದ, ನುಡಿಯಲ್ಲೂ ಮತಾಚಾರದಲ್ಲೂ ತಂಜಾವೂರಿಗಿಂತ ಬೇರೆಯಾಗಿದ್ದ ಗಂಗವಾಡಿಯು ಚೋಳರ ಕೈಸೇರಿತು. ಇಂಥ ನಾಡನ್ನು ಗೆದ್ದವನು ಮುಂದೇನು ಮಾಡಬೇಕೆಂಬುದನ್ನು ಕೌಟಿಲ್ಯನ ಅರ್ಥಶಾಸ್ತ್ರವು 'ಲಬ್ಧಪ್ರಶಮನ', ಅಂದರೆ ದೊರೆತ ನಾಡನ್ನು ಶಾಂತಗೊಳಿಸುವಿಕೆ, ಎಂಬ ಅಧ್ಯಾಯದಲ್ಲಿ ವಿವರಿಸುತ್ತದೆ. ಗೆದ್ದ ಅರಸನು ಅಲ್ಲಿನ ಜನರ ಉಡುಗೆ, ಭಾಷೆ, ನಡವಳಿಕೆಗಳನ್ನು ತನ್ನದಾಗಿಸಿಕೊಂಡು ಅವರ ದೇವರು, ಉತ್ಸವಗಳಲ್ಲಿ ಭಕ್ತಿ ತೋರಬೇಕೆಂಬುದು ಅದರ ತಿರುಳು.

ಚೋಳರು ಮೇಲ್ನೋಟಕ್ಕೆ ಇದಕ್ಕೆ ತದ್ವಿರುದ್ಧವಾಗಿ ನಡೆದರು. ಗಂಗವಾಡಿಯು ಮುಡಿಗೊಂಡಚೋಳಮಂಡಲವೆಂದೂ, ನೆರೆಯ ನೊಳಂಬವಾಡಿಯು ನಿಗರಿಲಿಚೋಳಮಂಡಲವೆಂದೂ, ತಲಕಾಡು ರಾಜರಾಜಪುರವೆಂದೂ ಹೆಸರು ಬದಲಿಸಿಕೊಂಡವು. ಮಂಡಲವನ್ನು ವಳನಾಡುಗಳಾಗಿ, ಅಂದರೆ ಹಲವು ನಾಡುಗಳು ಕೂಡಿದ ವಿಭಾಗಗಳಾಗಿ, ಒಡೆಯುವ ತಮಿಳು ಪದ್ಧತಿಯೂ ಹೆಸರುಗಳ ಜೊತೆಗೇ ಬಂದಿತು. ಆದರೆ ಪಶ್ಚಿಮದ ಮಲೆನಾಡಿನಂಚಿನಲ್ಲಿ ಹೆಸರು ಬದಲಿಸಿದ ಮಾತ್ರಕ್ಕೆ ಆಳ್ವಿಕೆ ನಿಲ್ಲದೆಂಬ ಅರಿವು ಅವರಿಗಿದ್ದಂತಿದೆ. ಪನಸೋಗೆಯ (ಇಂದಿನ ಹನಸೋಗೆ) ಕಾಳಗದಲ್ಲಿ ಆ ಭಾಗವನ್ನಾಳುತ್ತಿದ್ದ ಚಂಗಾಳ್ವರ ವಿರುದ್ಧ ಶೌರ್ಯ ಮೆರೆದ ಮನಿಜನೆಂಬ ಸ್ಥಳೀಯ ವೀರನಿಗೆ, ಚೋಳರ ದಂಡನಾಯಕ ಪಂಚವ ಮಹಾರಾಯನು ರಾಜರಾಜನ ಅಪ್ಪಣೆಯಂತೆ 'ಕ್ಷತ್ರಿಯಶಿಖಾಮಣಿ ಕೊಂಗಾಳ್ವ' ಎಂಬ ಪಟ್ಟ ಕಟ್ಟಿ, ಕೊಡಗಿನ ಮಾಲಂಬಿಯನ್ನು ಕೊಟ್ಟನು. ಸೋತ ಚಂಗಾಳ್ವರ ಪಕ್ಕದಲ್ಲೇ, ತನ್ನ ಏಳಿಗೆಗೆಲ್ಲ ಚೋಳರಿಗೆ ಋಣಿಯಾದ ಹೊಸ ಮನೆತನವೊಂದನ್ನು ನಿಲ್ಲಿಸಿದ ಈ ಕ್ರಮವು ಚೋಳರ ರಾಜನೀತಿಯಲ್ಲಿ ಎಲ್ಲಕ್ಕಿಂತ ಜಾಣ್ಮೆಯದು. ಕೊಂಗಾಳ್ವರು ತಮ್ಮ ಹೆಸರಿನಲ್ಲಿ 'ರಾಜೇಂದ್ರಚೋಳ' ಎಂಬುದನ್ನು ಧರಿಸಿದರೂ ಶಾಸನಗಳನ್ನು ಕನ್ನಡದಲ್ಲೇ ಬರೆಸಿದರು. 1058ರಲ್ಲಿ ಆ ಮನೆತನದ ರಾಜಮಾತೆ ಪೋಚಬ್ಬರಸಿಯು ಮುಳ್ಳೂರಿನಲ್ಲಿ ಬಸದಿ ಕಟ್ಟಿಸಿದಳು. ಶೈವರಾದ ಚೋಳರು ಇದಕ್ಕೆ ಅಡ್ಡಿಯಾದ ಕುರುಹಿಲ್ಲ. ಆ ಮಟ್ಟಿಗೆ ಅವರು ಕೌಟಿಲ್ಯನ ಮಾತಿಗೆ ಹೊರತಾಗಿರಲಿಲ್ಲ.

ಪೂರ್ವದಲ್ಲಿ, ಕೋಲಾರದ ಕಡೆಯಲ್ಲಿ, ನೀತಿಯೇ ಬೇರೆಯಾಗಿತ್ತು. ಅಲ್ಲಿ ಸಾಮಂತರಿಗಿಂತ ದೇವಾಲಯಗಳು, ಬ್ರಾಹ್ಮಣರಿಗೆ ಕೊಟ್ಟ ಬ್ರಹ್ಮದೇಯ ಗ್ರಾಮಗಳು ಮತ್ತು ತಮಿಳು ಬಲ್ಲ ಅಧಿಕಾರಿಗಳು ಮುಂದೆ ನಿಂತರು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಈ ಬೇರೂರುವಿಕೆಗೆ ಸಾಕ್ಷಿಯಾಗಿವೆ.

ಕ್ರಿ.ಶ. 1116ರ ಹೊತ್ತಿಗೆ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಚೋಳರ ಪ್ರತಿನಿಧಿ ಅದಿಯಮನನ್ನು ಸೋಲಿಸಿ ತಲಕಾಡನ್ನು ಗೆದ್ದಾಗ, ಚೋಳರ ಹೆಸರುಗಳಿಗಿಂತ ಗಂಗರ ನೆನಪೇ ಹೆಚ್ಚು ಗಟ್ಟಿಯಾಗಿತ್ತೆಂಬುದು ಬಯಲಾಯಿತು. ವಿಷ್ಣುವರ್ಧನನು 'ತಲಕಾಡುಗೊಂಡ' ಎಂಬ ಬಿರುದನ್ನು ಕನ್ನಡ ಅಕ್ಷರಗಳಲ್ಲಿ ಚಿನ್ನದ ನಾಣ್ಯದ ಮೇಲೆ ಅಚ್ಚು ಹಾಕಿಸಿದ್ದಲ್ಲದೆ 'ವೀರಗಂಗ' ಎಂದೂ ಕರೆಸಿಕೊಂಡು, ಪರರಾಜ್ಯವನ್ನು ಕಿತ್ತುಕೊಂಡವನಾಗಿ ಅಲ್ಲ, ಅಳಿದುಹೋದ ಮನೆತನದ ಉತ್ತರಾಧಿಕಾರಿಯಾಗಿ ಕಾಣಿಸಿಕೊಂಡನು. ಜೈನನಾದ ಗಂಗರಾಜನು ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದರೆ, ಅರಸನು ತಲಕಾಡಿನಲ್ಲಿ ಕೀರ್ತಿನಾರಾಯಣನ ಗುಡಿಯನ್ನು ಎತ್ತಿಸಿದನು. ಹೀಗೆ ಹಳೆಯ ಭಕ್ತರಿಗೂ ಹೊಸ ರಾಜಭಕ್ತಿಗೂ ಒಟ್ಟಿಗೆ ನೆಲೆ ದೊರೆಯಿತು. ಹೊಯ್ಸಳರು ಕೋಲಾರದ ಕಡೆಯ ತಮಿಳು ಶಾಸನ ಪರಂಪರೆಯನ್ನು ಅಳಿಸಲು ಹೊರಡಲಿಲ್ಲ, ಅವರ ಕಾಲದಲ್ಲೂ ಅಲ್ಲಿ ತಮಿಳಿನಲ್ಲಿ ದಾನಶಾಸನಗಳು ಹೊರಟವು.

ಮುಂದೆ 13ನೆಯ ಶತಮಾನದಲ್ಲಿ ಇದೇ ವಂಶದ ಸೋಮೇಶ್ವರನು ಚೋಳನಾಡಿನಲ್ಲಿ ಶ್ರೀರಂಗದ ಬಳಿಯ ಕಣ್ಣನೂರನ್ನು ತನ್ನ ನೆಲೆಯಾಗಿಸಿಕೊಂಡನು. ಆ ಊರಿಗೆ ವಿಕ್ರಮಪುರವೆಂಬ ಹೊಸ ಹೆಸರು ಬಂದಿತು, ಅಲ್ಲಿ ಎದ್ದ ಶಿವಾಲಯಕ್ಕೆ ಹೊಯ್ಸಳರ ಹೆಸರೇ ನಿಂತಿತು.